ಸ್ಕಾಲಾದಲ್ಲಿ ನಾವೇ ಬರೆದ ಎಕ್ಸ್‌ಟ್ರಾಕ್ಟರ್: ಅನ್‌ಅಪ್ಲೈಗೆ ಮೌಲ್ಯ ಎಲ್ಲಿಂದ ಬರುತ್ತದೆ?

ಪ್ರಶ್ನೆ

ಸ್ಕಾಲಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೇಸ್ ಕ್ಲಾಸ್‌ಗಳ (ದತ್ತಾಂಶ ಹಿಡಿದಿಡುವ ಸರಳ ಕ್ಲಾಸ್‌ಗಳು) ಮೇಲಿನ ಪ್ಯಾಟರ್ನ್ ಮ್ಯಾಚಿಂಗ್, ಅಂದರೆ ಮೌಲ್ಯದ ಆಕಾರ ನೋಡಿ ಕವಲು ಆರಿಸುವುದು, ನನಗೆ ರೂಢಿಯಿದೆ. ಈಗ ‘15-08-1947’ ಎಂಬಂಥ ಸ್ಟ್ರಿಂಗ್‌ಗಳಿಂದ ದಿನ, ತಿಂಗಳು, ವರ್ಷಗಳನ್ನು ಬೇರ್ಪಡಿಸಲು ‘ದಿನಾಂಕ’ ಎಂಬ ಆಬ್ಜೆಕ್ಟ್ ಬರೆದು, ಅದರೊಳಗೆ ಮೌಲ್ಯವನ್ನು ಬಿಡಿಸಿಕೊಡುವ ಅನ್‌ಅಪ್ಲೈ ಮೆಥಡ್ ಇಟ್ಟಿದ್ದೇನೆ (ಇಂಥ ಆಬ್ಜೆಕ್ಟೇ ಎಕ್ಸ್‌ಟ್ರಾಕ್ಟರ್). ಕೋಡ್ ಸರಿಯಾಗಿ ಓಡುತ್ತದೆ. ಆದರೆ ‘ಕೇಸ್ ದಿನಾಂಕ(ದಿನ, ತಿಂಗಳು, ವರ್ಷ)’ ಎಂಬಲ್ಲಿ ಮೂರು ಹೆಸರುಗಳಿರುವಾಗ ಅನ್‌ಅಪ್ಲೈ ಒಂದೇ ಸ್ಟ್ರಿಂಗನ್ನು ಪಡೆಯುವುದು ಹೇಗೆ, ಅದನ್ನು ಕೊಡುವವರು ಯಾರು ಎಂಬುದು ಸ್ಪಷ್ಟವಾಗುತ್ತಿಲ್ಲ. ಉಳಿದ ಎಲ್ಲಕ್ಕೂ ಹೊಂದುವ ಕೊನೆಯ ಕೇಸ್ ಬಿಟ್ಟರೂ ಕಂಪೈಲರ್ ಎಚ್ಚರಿಸದಿರುವುದೇಕೆ?

ಉತ್ತರ 1

ಆವರಣದೊಳಗಿನ ಮೂರು ಹೆಸರುಗಳು ಆರ್ಗ್ಯುಮೆಂಟ್‌ಗಳಲ್ಲ, ಉತ್ತರ ಬಂದು ಕೂರುವ ಜಾಗಗಳು. ‘ಮ್ಯಾಚ್’ ಪದದ ಎಡಕ್ಕಿರುವ ಮೌಲ್ಯವನ್ನು ಕಂಪೈಲರೇ ಅನ್‌ಅಪ್ಲೈಗೆ ಒಪ್ಪಿಸುತ್ತದೆ. ನಿಮ್ಮ ಮೆಥಡ್ ಅದನ್ನು ಅಡ್ಡಗೆರೆಯಲ್ಲಿ ಒಡೆದು, ಮೂರು ತುಂಡುಗಳೂ ಅಂಕಿಗಳಾದರೆ ‘ಮೌಲ್ಯ ಇದೆ’ ಎನ್ನುವ ಸಮ್‌ನೊಳಗೆ (15, 8, 1947) ಎಂಬ ಟ್ಯೂಪಲ್ (ಮೌಲ್ಯಗಳ ಗುಂಪು) ಇಟ್ಟು ಮರಳಿಸುತ್ತದೆ; ಆ ಮೂರೂ ನಿಮ್ಮ ಮೂರು ಹೆಸರುಗಳಿಗೆ ಸಲ್ಲುತ್ತವೆ. ‘ನಾಳೆ’ ಎಂಬ ಸ್ಟ್ರಿಂಗ್ ಬಂದರೆ ‘ಮೌಲ್ಯ ಇಲ್ಲ’ ಎನ್ನುವ ನನ್ ಮರಳಬೇಕು, ಆಗ ಮುಂದಿನ ಕೇಸ್‌ನ ಸರದಿ. ಇಲ್ಲಿ ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವ ಟುಇಂಟ್ ಬಳಸಿದರೆ ಎಕ್ಸೆಪ್ಶನ್ ಎದ್ದು ಇಡೀ ಮ್ಯಾಚ್ ಮುರಿಯುತ್ತದೆಯಾದ್ದರಿಂದ, ಸ್ಕಾಲಾ 2.13ರಲ್ಲಿ ಬಂದ, ಸೋತರೆ ನನ್ ಕೊಡುವ ಟುಇಂಟ್ಆಪ್ಷನ್ ಬಳಸಿ. ಕೇಸ್ ಕ್ಲಾಸ್‌ಗಳಲ್ಲೂ ನಡೆಯುವುದು ಇದೇ, ಅಲ್ಲಿ ಅನ್‌ಅಪ್ಲೈಯನ್ನು ಕಂಪೈಲರ್ ತಾನೇ ಬರೆದುಕೊಡುತ್ತದೆ.

ಹೆಸರಿನ ಬದಲು ಮೌಲ್ಯವನ್ನೂ ಇಡಬಹುದು: ‘ದಿನಾಂಕ(15, 8, _)’ ಎಂದರೆ ಯಾವುದೇ ವರ್ಷದ ಆಗಸ್ಟ್ 15.

ಉತ್ತರ 2

ಎಚ್ಚರಿಕೆಯ ವಿಷಯ. ಸ್ಟ್ರಿಂಗ್ ಸೀಲ್ಡ್ (ಉಪ-ಬಗೆಗಳೆಲ್ಲ ಒಂದೇ ಕಡತದಲ್ಲಿರುವ, ಆದ್ದರಿಂದ ಎಣಿಸಬಹುದಾದ ಟೈಪ್) ಅಲ್ಲದ ಕಾರಣ ಎಲ್ಲ ಸಾಧ್ಯತೆಗಳನ್ನೂ ಕಂಪೈಲರ್ ಎಣಿಸಲಾರದು. ಕೊನೆಯಲ್ಲಿ ಯಾವುದಕ್ಕೂ ಹೊಂದುವ ಅಂಡರ್‌ಸ್ಕೋರ್ (_) ಕೇಸ್ ಇಲ್ಲದಿದ್ದರೆ, ಯಾವ ಕೇಸ್‌ಗೂ ಹೊಂದದ ಸ್ಟ್ರಿಂಗ್ ಬಂದಾಗ ಓಡುವಾಗಲೇ ಮ್ಯಾಚ್ಎರರ್ ಎಂಬ ಎಕ್ಸೆಪ್ಶನ್ ಬರುತ್ತದೆ. ಎಂದೂ ಸೋಲದ ಎಕ್ಸ್‌ಟ್ರಾಕ್ಟರ್ ಆಗಿದ್ದರೆ ಮರಳಿಕೆಯ ಟೈಪನ್ನು ಆಪ್ಷನ್ (ಸಮ್ ಅಥವಾ ನನ್) ಬದಲು ಸಮ್ ಎಂದೇ ಬರೆಯಿರಿ, ಅದು ಸೋಲುವುದಿಲ್ಲವೆಂದು ಕಂಪೈಲರ್‌ಗೆ ತಿಳಿಯುತ್ತದೆ. ಎಫ್ ಶಾರ್ಪ್ ಭಾಷೆಯಲ್ಲಿ ಎಕ್ಸ್‌ಟ್ರಾಕ್ಟರ್‌ಗಳನ್ನು ಹೋಲುವ ಆ್ಯಕ್ಟಿವ್ ಪ್ಯಾಟರ್ನ್‌ಗಳಲ್ಲಿ ಈ ಭೇದ ಇನ್ನೂ ಸ್ಪಷ್ಟ: ಪೂರ್ಣ ಬಗೆಯಲ್ಲಿ ಗರಿಷ್ಠ 7 ಕವಲುಗಳು, ಅವೆಲ್ಲ ಬಂದಿವೆಯೇ ಎಂದು ಕಂಪೈಲರ್ ನೋಡುತ್ತದೆ, ಭಾಗಶಃ ಬಗೆಗೆ ಆ ಭರವಸೆಯಿಲ್ಲ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಎರಡು ಕೇಸ್‌ಗಳಲ್ಲಿ ‘ದಿನಾಂಕ’ ಇದ್ದರೆ ಅನ್‌ಅಪ್ಲೈ ಎರಡು ಸಲ ಓಡಬಹುದು. ಆದ್ದರಿಂದ ಅದರೊಳಗೆ ಡೇಟಾಬೇಸ್ ಕರೆಯನ್ನಾಗಲಿ ಲಾಗ್ ಬರೆಯುವುದನ್ನಾಗಲಿ ದಯವಿಟ್ಟು ಇಡಬೇಡಿ. ಎಕ್ಸ್‌ಟ್ರಾಕ್ಟರ್‌ನ ನಿಜವಾದ ಲಾಭ ಬೇರೆಡೆ ಇದೆ: 2007ರ ಇಕೂಪ್ (ಆಬ್ಜೆಕ್ಟ್-ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕುರಿತ ಯುರೋಪಿಯನ್) ಸಮ್ಮೇಳನದ ಪ್ರಬಂಧದಲ್ಲಿ ಎಮಿರ್, ಒಡೆರ್ಸ್ಕಿ ಮತ್ತು ವಿಲಿಯಮ್ಸ್ ಒತ್ತಿ ಹೇಳಿದಂತೆ, ದತ್ತಾಂಶದ ಒಳರಚನೆಯನ್ನು ಹೊರಗೆ ತೋರದೆಯೇ ಅದರ ಮೇಲೆ ಮ್ಯಾಚ್ ಮಾಡಬಹುದು. ನಾಳೆ ನೀವು ಸ್ಟ್ರಿಂಗ್ ಬಿಟ್ಟು ದಿನಾಂಕವನ್ನು ಒಂದೇ ಸಂಖ್ಯೆಯಾಗಿ ಇಟ್ಟುಕೊಂಡರೆ ಬದಲಿಸಬೇಕಾದುದು ಅನ್‌ಅಪ್ಲೈ ಮಾತ್ರ. ಕೇಸ್ ಸಾಲುಗಳು ಹಾಗೆಯೇ ಉಳಿಯುತ್ತವೆ.