ಡಯಾಲಿಸಿಸ್ ರೋಗಿಗೆ ಟ್ರೈಗ್ಲಿಸರೈಡ್ ಏರುವುದೇಕೆ? ಸ್ಟ್ಯಾಟಿನ್ ಬೇಕೇ?

ಪ್ರಶ್ನೆ: ವೈದ್ಯರೇ, ನಮಸ್ಕಾರ. 64 ವರ್ಷದ ನಮ್ಮ ತಂದೆಯವರಿಗೆ ಎರಡು ವರ್ಷಗಳಿಂದ ವಾರಕ್ಕೆ ಮೂರು ಬಾರಿ ಹಿಮೋಡಯಾಲಿಸಿಸ್ ನಡೆಯುತ್ತಿದೆ. ಈಚಿನ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 150, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 66, ಒಳ್ಳೆಯದೆನ್ನುವ ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 270 ಎಂದಿದೆ. ಜಿಡ್ಡಿನ ಪದಾರ್ಥವನ್ನು ಅವರು ಮುಟ್ಟುವುದೇ ಇಲ್ಲ. ಆದರೂ ಟ್ರೈಗ್ಲಿಸರೈಡ್ ಏರಿದ್ದು ಹೇಗೆ? ಅವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಬರೆದುಕೊಟ್ಟಿಲ್ಲ. ಇದು ಅಲಕ್ಷ್ಯವೇ ಎಂಬ ಚಿಂತೆ ಕಾಡುತ್ತಿದೆ.

ಉತ್ತರ: ನಮಸ್ಕಾರ. ನಿಮ್ಮ ತಂದೆಯವರ ಪಥ್ಯದಲ್ಲಿ ತಪ್ಪು ಹುಡುಕಬೇಡಿ. ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಒಡೆದು ಅಂಗಾಂಶಗಳಿಗೆ ತಲುಪಿಸುವುದು ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವ. ಮೂತ್ರಪಿಂಡ ವಿಫಲವಾದಾಗ ಈ ಕಿಣ್ವದ ಚಟುವಟಿಕೆ ಕುಗ್ಗುತ್ತದೆ. ಅದನ್ನು ತಡೆಯುವ ಅಪೋ ಸಿ-3 ಎಂಬ ಪ್ರೋಟೀನು ಹೆಚ್ಚುತ್ತದೆ. ಹೀಗಾಗಿ ಅರ್ಧ ಒಡೆದ ಕೊಬ್ಬಿನ ಕಣಗಳು ರಕ್ತದಲ್ಲೇ ಹೆಚ್ಚು ಕಾಲ ಸುತ್ತುತ್ತಿರುತ್ತವೆ. ಎಚ್‌ಡಿಎಲ್ ಕಣಗಳು ಬಲಿಯಲು ಬೇಕಾದ ಎಲ್‌ಕ್ಯಾಟ್ ಎಂಬ ಇನ್ನೊಂದು ಕಿಣ್ವವೂ ಮಂದವಾಗುವುದರಿಂದ ಎಚ್‌ಡಿಎಲ್ ಇಳಿಯುತ್ತದೆ.

ಎಲ್‌ಡಿಎಲ್ 66 ಎಂಬ ಅಂಕಿಯನ್ನು ನೋಡಿ ಪೂರ್ತಿ ನೆಮ್ಮದಿಪಡುವಂತೆಯೂ ಇಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ 120 ಉಳಿಯುತ್ತದೆ. ಅದಕ್ಕೂ 66ಕ್ಕೂ ಇರುವ ಅಂತರವೇ ಆ ಅರ್ಧ ಒಡೆದ ಕಣಗಳು ಹೊತ್ತಿರುವ ಕೊಲೆಸ್ಟ್ರಾಲ್. ಇನ್ನೊಂದು ವಿಷಯವನ್ನು ನಾನು ರೋಗಿಗಳ ಮನೆಯವರಿಗೆ ಒತ್ತಿ ಹೇಳುತ್ತೇನೆ: ಒಟ್ಟು ಕೊಲೆಸ್ಟ್ರಾಲ್ ತಿಂಗಳಿಂದ ತಿಂಗಳಿಗೆ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡದೆ, ಊಟ ಕಡಿಮೆಯಾಗಿದೆಯೇ, ರಕ್ತದ ಪ್ರೋಟೀನಾದ ಆಲ್ಬುಮಿನ್ ಇಳಿದಿದೆಯೇ, ದೇಹದಲ್ಲಿ ಉರಿಯೂತವಿದೆಯೇ ಎಂದು ನೋಡಬೇಕು. ಡಯಾಲಿಸಿಸ್ ರೋಗಿಗಳಲ್ಲಿ ತೀರಾ ಕಡಿಮೆ ಕೊಲೆಸ್ಟ್ರಾಲ್ ಹಲವು ವೇಳೆ ಅಪೌಷ್ಟಿಕತೆಯ ಗುರುತು.

ಸ್ಟ್ಯಾಟಿನ್ ಕೊಡದಿರುವುದು ಅಲಕ್ಷ್ಯವಲ್ಲ. 2005ರಲ್ಲಿ ಪ್ರಕಟವಾದ 4ಡಿ ಮತ್ತು 2009ರ ಅರೋರಾ ಅಧ್ಯಯನಗಳಲ್ಲಿ ಸ್ಟ್ಯಾಟಿನ್ ಪಡೆದ ಹಿಮೋಡಯಾಲಿಸಿಸ್ ರೋಗಿಗಳ ಎಲ್‌ಡಿಎಲ್ ಶೇಕಡ 40ಕ್ಕೂ ಹೆಚ್ಚು ಇಳಿಯಿತಾದರೂ, ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಣನೀಯ ಪ್ರಯೋಜನ ಕಾಣಲಿಲ್ಲ. ಈ ಹಂತದಲ್ಲಿ ಹೃದಯವನ್ನು ಕಾಡುವುದು ಕೊಬ್ಬಿನ ಅಡಚಣೆಯೊಂದೇ ಅಲ್ಲ. ರಕ್ತನಾಳಗಳಲ್ಲಿ ಸುಣ್ಣ ಕಟ್ಟುವುದು, ಹೃದಯದ ಸ್ನಾಯು ದಪ್ಪವಾಗುವುದು, ಲಯ ತಪ್ಪುವುದು ಇವೆಲ್ಲ ಸೇರಿರುತ್ತವೆ. ಆದ್ದರಿಂದ ಡಯಾಲಿಸಿಸ್ ಆರಂಭವಾದ ಮೇಲೆ ಹೊಸದಾಗಿ ಸ್ಟ್ಯಾಟಿನ್ ಶುರುಮಾಡಬೇಕಿಲ್ಲ, ಮೊದಲೇ ಸೇವಿಸುತ್ತಿದ್ದವರು ಮುಂದುವರಿಸಬಹುದು ಎಂಬುದು ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2013ರ ಮಾರ್ಗಸೂಚಿಯ ಸಲಹೆ.

ಮರುಪ್ರಶ್ನೆ: ಧನ್ಯವಾದಗಳು, ವೈದ್ಯರೇ. ಹೊಟ್ಟೆಯ ಡಯಾಲಿಸಿಸ್‌ಗೆ ಬದಲಾದರೆ ಟ್ರೈಗ್ಲಿಸರೈಡ್ ಇಳಿಯಬಹುದೇ? ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು?

ಉತ್ತರ: ಆ ಕಾರಣಕ್ಕಾಗಿ ಬದಲಿಸಬೇಡಿ. ಅಲ್ಲಿ ಬಳಸುವ ದ್ರಾವಣದ ಗ್ಲೂಕೋಸ್ ದೇಹಕ್ಕೆ ಇಳಿಯುತ್ತದೆ, ಪ್ರೋಟೀನು ಹೊರಹೋಗುತ್ತದೆ. ಟ್ರೈಗ್ಲಿಸರೈಡಿನ ಜೊತೆಗೆ ಎಲ್‌ಡಿಎಲ್ ಕೂಡ ಏರುವುದು ಸಾಮಾನ್ಯ. ರಕ್ತದ ಮಾದರಿಯನ್ನು ಡಯಾಲಿಸಿಸ್‌ಗೆ ಮುಂಚೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವ ಮೊದಲೇ, ಸಾಧ್ಯವಾದರೆ ಬರಿಹೊಟ್ಟೆಯಲ್ಲಿ ತೆಗೆಸಿ. ಹೆಪಾರಿನ್ ಆ ಲೈಪೇಸ್ ಕಿಣ್ವವನ್ನು ಗೋಡೆಯಿಂದ ಬಿಡಿಸಿ ರಕ್ತಕ್ಕೆ ಸೇರಿಸುವುದರಿಂದ, ಅನಂತರ ತೆಗೆದ ಮಾದರಿಯಲ್ಲಿ ಟ್ರೈಗ್ಲಿಸರೈಡ್ ತಾತ್ಕಾಲಿಕವಾಗಿ ಕಡಿಮೆ ಕಾಣಬಹುದು. ಟ್ರೈಗ್ಲಿಸರೈಡ್ ಅಂಕಿ 500 ದಾಟಿದರೆ ಮೇದೋಜೀರಕಾಂಗದ ಉರಿಯೂತದ ಅಪಾಯವಿರುವುದರಿಂದ ತಡಮಾಡದೆ ನಿಮ್ಮ ವೈದ್ಯರಿಗೆ ತೋರಿಸಿ. ಟ್ರೈಗ್ಲಿಸರೈಡ್ ಇಳಿಸುವ ಫೈಬ್ರೇಟ್ ಗುಂಪಿನ ಮಾತ್ರೆಗಳನ್ನು ಮಾತ್ರ ಅವರನ್ನು ಕೇಳದೆ ಕೊಡಬೇಡಿ, ಏಕೆಂದರೆ ಅವು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದವು.