‘ದಿ ಔಟ್‌ಸೈಡರ್ಸ್’ 13 ವರ್ಷದ ಮಗಳಿಗೆ ಕೊಡಬಹುದಾ?

ಪ್ರಶ್ನೆ:
ಮಗಳು ಲೈಬ್ರರಿಯಿಂದ ಎಸ್. ಇ. ಹಿಂಟನ್ ಅವರ ಈ ಕಾದಂಬರಿ ತಂದಿದ್ದಾಳೆ. ಗ್ಯಾಂಗು, ಚಾಕು ಅಂತೆಲ್ಲ ಇದೆಯಂತೆ. ಓದಿದವರು ಹೇಳ್ತೀರಾ?

ಉತ್ತರ 1:
ಖಂಡಿತ ಕೊಡಿ. ನಾನು ಪಿಯುಸಿಯಲ್ಲಿ ಓದಿದ್ದು, ಇನ್ನೂ ಮನಸ್ಸಿಂದ ಹೋಗಿಲ್ಲ. ಅಮೆರಿಕದ ಟಲ್ಸಾದಲ್ಲಿ ನಡೆಯುವ ಕತೆ. ಬಡ ಹುಡುಗರು ಗ್ರೀಸರ್‌ಗಳು, ಕಾರಿನಲ್ಲಿ ಓಡಾಡುವ ಸಿರಿವಂತರ ಮಕ್ಕಳು ಸೋಶ್‌ಗಳು. ಕತೆ ಹೇಳುವ ಪೋನಿಬಾಯ್‌ಗೆ 14 ವರ್ಷ, ಅಪ್ಪ ಅಮ್ಮ ಇಲ್ಲ. ಒಂದು ಕೊಲೆಯಾಗಿ, ಅವನೂ ಗೆಳೆಯ ಜಾನಿಯೂ ಪಾಳುಬಿದ್ದ ಚರ್ಚಿನಲ್ಲಿ ಅಡಗುತ್ತಾರೆ. ಗುರುತು ಸಿಗಬಾರದು ಅಂತ ಜಾನಿ ಚಾಕುವಿನಲ್ಲೇ ಅವನ ಉದ್ದ ಕೂದಲು ಕತ್ತರಿಸಿ, ಬಣ್ಣ ತೆಗೆಯುತ್ತಾನೆ. ಹೆಮ್ಮೆಪಡಲು ಆ ಹುಡುಗನ ಹತ್ತಿರ ಇದ್ದದ್ದೇ ಆ ಕೂದಲು. ನನಗೆ ಹೊಡೆದಾಟಕ್ಕಿಂತ ಅದೇ ಜಾಸ್ತಿ ನೋವು ಕೊಟ್ಟಿತು.

ಉತ್ತರ 2:
ಸಾವುಗಳಿವೆ, ಮೊದಲೇ ಹೇಳಿಬಿಡಿ. ಜಾನಿಯ ಮನೆಯ ಹೊಡೆತ ಬಡಿತವೂ ಬರುತ್ತದೆ. ಆದರೆ ಹಿಂಟನ್ ಇದನ್ನು ಬರೆಯಲು ಶುರುಮಾಡಿದಾಗ ಅವರಿಗೇ 15 ವರ್ಷ! 1967ರಲ್ಲಿ ಪುಸ್ತಕ ಬಂತು. ಹುಡುಗಿ ಬರೆದದ್ದು ಅಂತ ವಿಮರ್ಶಕರು ಬದಿಗಿಡಬಾರದು ಅಂತಲೇ ಹೆಸರಿನ ಜಾಗದಲ್ಲಿ ಇನಿಶಿಯಲ್ ಹಾಕಿದರು. ಮಗಳಿಗೆ ಇದನ್ನೂ ಹೇಳಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಿನ್ನೆ ರಾತ್ರಿ ನಾನೇ ಮೊದಲು ಹಿಡಿದೆ. ಪೋನಿಬಾಯ್ ಮತ್ತು ಸಿರಿವಂತರ ಹುಡುಗಿ ಚೆರ‍್ರಿ, ಇಬ್ಬರೂ ನೋಡುವುದು ಒಂದೇ ಸೂರ್ಯಾಸ್ತ ಅಂತ ಬರುತ್ತಲ್ವಾ, ಅಲ್ಲಿ ನಿಲ್ಲಿಸಿದ್ದೇನೆ. ಮಗಳು ಪುಸ್ತಕ ವಾಪಸ್ ಕೇಳುತ್ತಿದ್ದಾಳೆ.