ಐದು ವರ್ಷ ಒಟ್ಟಿಗೇ ಸೇರಿಸಲಾ? - ಓದುಗರ ಸ್ಪಂದನ

ಆಲೂರು ಕಡೆಯ ಅಮ್ಮನೊಬ್ಬರ ಪತ್ರ ನೆನಪಿದೆ ಅಲ್ವಾ? ಮಗಳು ಪಿಯುಸಿ ಮುಗಿಸಿದ್ದಾಳೆ, ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್ ಆಗಬೇಕಂತೆ. ಬೆಂಗಳೂರಿನಲ್ಲಿ ಸೈಕಾಲಜಿ ಡಿಗ್ರಿ, ಎಂಎಸ್ಸಿ ಎರಡೂ ಸೇರಿದ ಐದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. "ಒಂದೇ ಸಲ ಐದು ವರ್ಷಕ್ಕೆ ಕೈ ಹಾಕಲಾ, ಇಲ್ಲ ಹಾಸನದಲ್ಲೇ ಬಿಎ ಮಾಡಿಸಿ ಆಮೇಲೆ ನೋಡಲಾ?" ಅಂತ ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅರಸೀಕೆರೆಯಿಂದ

ಪತ್ರದಲ್ಲಿ ನೀವಿದ್ದೀರಿ, ನಿಮ್ಮ ಯಜಮಾನರಿದ್ದಾರೆ, ನಿಮ್ಮ ಭಾವನವರೂ ಇದ್ದಾರೆ. ಓದುವವಳು ಎಲ್ಲಿ? ಅವಳನ್ನು ಕೂರಿಸಿಕೊಂಡು ಒಂದು ಸಲ ಕೇಳಿ.

ಮೂಡಿಗೆರೆಯಿಂದ

ಅಕ್ಕಾ, ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಬರೆಯೋದು ಬೇಡ ಅಂದುಕೊಂಡೆ, ಆಗಲಿಲ್ಲ. 1998ರಲ್ಲಿ ನಾನೂ ಇಂಥದ್ದೇ ಐದು ವರ್ಷದ ಕೋರ್ಸಿಗೆ ಸೇರಿದ್ದೆ. ವಿಷಯ ಬೇರೆ, ಲೆಕ್ಕ ಒಂದೇ. ಅಪ್ಪನಿಗೆ ನಾಲ್ಕು ಎಕರೆ ಕಾಫಿ. ನಾನು ಸೇರುವಾಗ ರೇಟು ಪರವಾಗಿಲ್ಲ ಅನ್ನೋ ಹಾಗಿತ್ತು, 2001ರ ಹೊತ್ತಿಗೆ ನೆಲ ಕಚ್ಚಿತು, ನಮ್ಮ ತೋಟದಲ್ಲಿ ಹಣ್ಣು ಕುಯ್ಸಿದ ಕೂಲಿಯೂ ಹುಟ್ಟಲಿಲ್ಲ. ಮೂರನೇ ವರ್ಷದ ಪರೀಕ್ಷೆ ಬರೆದು ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಮೂರು ವರ್ಷ ಓದಿದ್ದೀನಲ್ಲ, ಡಿಗ್ರಿಯಂತೂ ಕೊಡ್ತಾರೆ ಅಂತ ಧೈರ್ಯವಾಗಿದ್ದೆ. ಕೇಳಲು ಹೋದರೆ ಕೌಂಟರಿನಲ್ಲಿದ್ದವರು ತಲೆಯನ್ನೂ ಎತ್ತದೆ "ಇದು ಐದು ವರ್ಷದ್ದಮ್ಮ, ನಡುವೆ ಬಿಟ್ಟರೆ ಏನೂ ಬರಲ್ಲ" ಅಂದರು.

ಆ ಮೂರು ಮಾರ್ಕ್ಸ್ ಕಾರ್ಡ್ ಈಗಲೂ ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗಿವೆ. ಮೂರೂ ಫಸ್ಟ್ ಕ್ಲಾಸ್. ಒಂದರ ಅಂಚು ಮಳೆಗಾಲದ ಥಂಡಿಗೆ ಕಪ್ಪಾಗಿದೆ. ಕಾಗದದ ಮೇಲೆ ನಾನು ಬರೀ ಪಿಯುಸಿ.

ಈಗ ಒಂದು ಶಾಲೆಯ ಆಫೀಸಿನಲ್ಲಿ ಫೀಸ್ ರಸೀದಿ ಬರೆಯುತ್ತೇನೆ. ಎಂಟನೇ ಕ್ಲಾಸಿನ ಒಬ್ಬಳು ದಿನಾ ಚಾಕ್‌ಪೀಸ್ ಕೇಳಿಕೊಂಡು ಬರುತ್ತಿದ್ದಳು. ಅವರ ಕ್ಲಾಸಿನಲ್ಲಿ ಡಬ್ಬಿ ತುಂಬ ಚಾಕ್‌ಪೀಸ್ ಇದೆ ಅಂತ ಆಮೇಲೆ ಗೊತ್ತಾಯ್ತು. ಅವಳಿಗೆ ಬೇಕಿದ್ದದ್ದು ನನ್ನ ಮೇಜಿನ ಪಕ್ಕದ ಸ್ಟೂಲು. ಕೂರಿಸಿದೆ, ಮನೆಯ ವಿಷಯ ಎಲ್ಲಾ ಹೇಳಿಕೊಂಡಳು. ಕೇಳಿಸಿಕೊಂಡೆ, ಆದರೆ ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಅನ್ನೋದು ನನಗೆ ಬರಲ್ಲ. ನಿಮ್ಮ ಮಗಳು ಅದನ್ನು ಕಲಿತು ಬರಲಿ, ಕಳಿಸಿ. ಆದರೆ ದುಡ್ಡು ಕಟ್ಟುವ ಮೊದಲು, ಮೂರು ವರ್ಷಕ್ಕೆ ಬಿಟ್ಟರೆ ಡಿಗ್ರಿ ಕೊಡ್ತೀರಾ ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

*(2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ನಡುವೆ ಹೊರಬರಲು ದಾರಿ ಇದೆ. ಆದರೂ ನಿಮ್ಮ ಕಾಲೇಜು ಏನು ಬರೆದುಕೊಡುತ್ತದೆ ಅನ್ನೋದೇ ಮುಖ್ಯ. ಈ ಪತ್ರ ಉದ್ದವಾಯಿತು, ಕತ್ತರಿಸಲು ಮನಸ್ಸಾಗಲಿಲ್ಲ. - ಸಂ.)*

ಹಾಸನದಿಂದ

ನಾನು ಇಲ್ಲಿನ ಒಂದು ಸಿಬಿಎಸ್ಇ ಶಾಲೆಯಲ್ಲಿ ಕೌನ್ಸೆಲರ್. "ಒಟ್ಟಿಗೆ ಓದಿದರೆ ಒಂದು ವರ್ಷ ಉಳಿಯುತ್ತೆ" ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ ಮೇಡಂ. ಅಮೆರಿಕದಲ್ಲಿ ಉಳಿಯುತ್ತೆ, ಅಲ್ಲಿ ಡಿಗ್ರಿಯೇ ನಾಲ್ಕು ವರ್ಷ, ಮೇಲೆ ಮಾಸ್ಟರ್ಸ್ ಎರಡು, ಎರಡನ್ನೂ ಸೇರಿಸಿ ಐದಕ್ಕೆ ಮುಗಿಸುವ ಕೋರ್ಸುಗಳಿವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಮೂರು, ಎರಡು ಕೂಡಿದರೂ ಐದೇ. ತಪ್ಪೋದು ಎಂಎಸ್ಸಿ ಸೀಟಿಗೆ ಮತ್ತೆ ಅಲೆಯುವ ಕಷ್ಟ ಮಾತ್ರ. ಅದೂ ಸಣ್ಣದಲ್ಲ ಬಿಡಿ.

ಅದಕ್ಕಿಂತ, ಐದು ವರ್ಷದಲ್ಲಿ ಎಷ್ಟು ದಿನ ಶಾಲೆಗೆ ಕಳಿಸಿ ಮಕ್ಕಳ ಜೊತೆ ಕೂರಿಸ್ತಾರೆ, ಪಕ್ಕದಲ್ಲಿದ್ದು ತಿದ್ದೋರು ಯಾರು ಅಂತ ಕೇಳಿ. ನನ್ನ ಎಂಎ ಪೂರ್ತಿ ನೋಟ್ಸಿನಲ್ಲೇ ಮುಗೀತು. ಕೆಲಸಕ್ಕೆ ಸೇರಿದ ಮೊದಲ ವಾರ ಆರನೇ ಕ್ಲಾಸಿನ ಹುಡುಗ ಎದುರು ಕೂತು ಒಂದು ಪೀರಿಯಡ್ ಪೂರ್ತಿ ರಬ್ಬರನ್ನು ಚೂರು ಚೂರು ಮಾಡಿದ, ಒಂದು ಮಾತಾಡಲಿಲ್ಲ. ಬೆವರಿದ್ದು ನಾನು.

ಕೆಲಸ ಇದೆ. ಹೈಸ್ಕೂಲಿರುವ ಸಿಬಿಎಸ್ಇ ಶಾಲೆ ಕೌನ್ಸೆಲರನ್ನು ಇಟ್ಟುಕೊಳ್ಳಬೇಕು ಅಂತ ನಿಯಮವೇ ಇದೆ. ಆದರೆ ಟೀಚರ್ ರಜಾ ಹಾಕಿದ ದಿನ ಆ ಕ್ಲಾಸಿಗೆ ನಮ್ಮನ್ನೇ ಕಳಿಸ್ತಾರೆ. ನಿನ್ನೆ ನನ್ನ ಹತ್ತಿರ ಅತ್ತ ಮಗು ಇವತ್ತು ನಾನು "ಸೈಲೆನ್ಸ್!" ಅಂತ ಕೂಗೋದನ್ನು ನೋಡುತ್ತೆ. ನಾಳೆ ಬರಲ್ಲ.

ಚನ್ನರಾಯಪಟ್ಟಣದಿಂದ, ನಿವೃತ್ತ ಹೆಡ್‌ಮಾಸ್ಟರ್

ತಾಯಿ, ಮೊದಲು ಬಿಎಡ್ ಮಾಡಿಸಿ. ಟೀಚರ್ ಕೆಲಸ ಕೈಯಲ್ಲಿರಲಿ. ಆಮೇಲೆ ಬೇಕಾದರೆ ಎನ್‌ಸಿಇಆರ್‌ಟಿಯ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಇದೆ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೇ ಮಾಡಬಹುದು. ಒಂದು ವರ್ಷದ್ದು. ಆರು ತಿಂಗಳು ಮನೆಯಲ್ಲಿದ್ದೇ ಓದು, ಮೂರು ತಿಂಗಳು ಅಲ್ಲಿ ತರಗತಿ, ಮೂರು ತಿಂಗಳು ನಮ್ಮ ಊರಲ್ಲೇ ಇಂಟರ್ನ್‌ಶಿಪ್. ನಮ್ಮ ಕಾಲದಲ್ಲಿ ಮೇಷ್ಟ್ರೇ ಕೌನ್ಸೆಲರ್, ಬೆತ್ತವೇ ಕೌನ್ಸೆಲಿಂಗ್. ಕೆಲವು ಹುಡುಗರ ಮುಖ ಈಗ ರಾತ್ರಿ ಹೊತ್ತು ನೆನಪಾಗುತ್ತೆ.

*(ಪ್ರಶ್ನೆ ಬಿಎಡ್ ಬಗ್ಗೆ ಇರಲಿಲ್ಲ ಸಾರ್. ಡಿಪ್ಲೊಮಾ ವಿಷಯ ತಿಳಿಸಿದ್ದಕ್ಕೂ, ಕೊನೆಯ ಸಾಲಿಗೂ ಥ್ಯಾಂಕ್ಸ್. - ಸಂ.)*

ಕಡೂರಿನಿಂದ

ಬೆಂಗಳೂರು, ಹಾಸ್ಟೆಲ್ ಅಂತ ಯಾಕೆ ಸುಮ್ನೆ ಖರ್ಚು? ಹಾಸನದಲ್ಲಿ ಬಿಎ, ಆಮೇಲೆ ಕರೆಸ್ಪಾಂಡೆನ್ಸ್‌ನಲ್ಲಿ ಎಂಎ ಸೈಕಾಲಜಿ. ನನ್ನ ತಂಗಿ ಹಾಗೇ ಮಾಡಿದ್ದು, ಚೆನ್ನಾಗೇ ಇದ್ದಾಳೆ.

*(ತಂಗಿಯವರ ಕಾಲಕ್ಕೆ ಸರಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಬಾರದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿದೆ. ಹಾಸನದ ಪತ್ರ ಓದಿದ ಮೇಲೆ ನಮಗೂ ಅದು ಸರಿ ಅನ್ನಿಸಿತು. - ಸಂ.)*

ಸಕಲೇಶಪುರದಿಂದ

ಕೋರ್ಸ್ ವಿಷಯ ನನಗೆ ಗೊತ್ತಿಲ್ಲ. ಪೇಯಿಂಗ್ ಗೆಸ್ಟ್ ಆಗಿ ಬಿಡೋದಾದರೆ ಒಂದು ರಾತ್ರಿ ನೀವೂ ಅಲ್ಲಿ ಉಳಿದು ನೋಡಿ. ನೀರು ಎಷ್ಟೊತ್ತಿಗೆ ಬಿಡ್ತಾರೆ, ಗೇಟು ಎಷ್ಟೊತ್ತಿಗೆ ಹಾಕ್ತಾರೆ ಅನ್ನೋದು ಹಗಲು ಹೋದರೆ ತಿಳಿಯಲ್ಲ. ಚಟ್ನಿಪುಡಿ ಜಾಸ್ತಿನೇ ಕಟ್ಟಿ, ರೂಮಿನವರೂ ತಿಂತಾರೆ.

ಬೇಲೂರಿನಿಂದ

ಪತ್ರ ಓದಿದ ಮೇಲೆ ನನ್ನ ಮಗ ತಾನೂ ಇದನ್ನೇ ಓದ್ತೀನಿ ಅಂತಿದ್ದಾನೆ. ಮನೆಯಲ್ಲಿ ಎಲ್ಲರೂ ನಗ್ತಿದ್ದಾರೆ. ಗಂಡು ಹುಡುಗರು ಇದನ್ನು ಓದಬಹುದಾ?

*(ಓದಬಹುದು. ನಗುತ್ತಿರುವವರಿಗೆ ಮೂಡಿಗೆರೆಯ ಪತ್ರ ಓದಿ ಹೇಳಿ. - ಸಂ.)*